ಸೋದರಮಾವನನ್ನು ಮದುವೆಯಾಗಿದ್ದಕ್ಕೆ ಪುಣೆಯಲ್ಲಿ ನಾಚಿಕೊಳ್ಳಬೇಕಾ?

ಪ್ರಶ್ನೆ: ನಮ್ಮದು ಬಾಗಲಕೋಟೆ ಕಡೆ. ಮದುವೆಯಾಗಿ ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಚಿಂಚವಾಡದಲ್ಲಿ ಇದ್ದೇವೆ. ನನ್ನ ಗಂಡ ನಮ್ಮವ್ವನ ಸ್ವಂತ ತಮ್ಮ. ಊರಲ್ಲಿ ಇದು ಯಾರಿಗೂ ವಿಶೇಷವಲ್ಲ. ಇಲ್ಲಿ ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಸೊಸೈಟಿಯ ಹೆಂಗಸರು ಮನೆಗೆ ಬಂದಿದ್ದಾಗ ಮಗಳು ಮಾತಿನ ಭರದಲ್ಲಿ ಹೇಳಿಬಿಟ್ಟಳು. 'ಶೀ! ಸಖ್ಖಾ ಮಾಮಾ?' ಎಂದು ಒಬ್ಬರು ಬಾಯಿ ಮುಚ್ಚಿಕೊಂಡರು. ಇನ್ನೊಬ್ಬರು ಇಂಥ ಮದುವೆ ಕಾನೂನಿನಲ್ಲಿ ನಡೆಯೋದೇ ಇಲ್ಲ ಅಂದರು. ಮಗಳಿಗೆ ಹದಿನಾರು. ಬಯಾಲಜಿ ಕ್ಲಾಸಿನಲ್ಲಿ ರಕ್ತಸಂಬಂಧದ ಮದುವೆಯ ಪಾಠ ಬಂದಾಗಿನಿಂದ 'ನಾನು ಸರಿಯಾಗಿದ್ದೀನಾ?' ಅಂತ ಕೇಳುತ್ತಾಳೆ. ಇದರ ಮಧ್ಯೆ ನಮ್ಮವ್ವ ಫೋನ್ ಮಾಡಿದಾಗೆಲ್ಲ ಒಂದೇ ಮಾತು: ಇವಳಿಗೆ ಹದಿನೆಂಟಾದ ಕೂಡಲೇ ನನ್ನ ತಮ್ಮನಿಗೆ ಮಾಡಿಕೊಳ್ಳೋಣ ಅಂತ. ತಮ್ಮನಿಗೆ ಇಪ್ಪತ್ತೇಳು, ಹುಬ್ಬಳ್ಳಿಯಲ್ಲಿ ಕೆಲಸ. ನನಗೆ ಇಷ್ಟವಿಲ್ಲ. ಆದರೆ ಬೇಡ ಅಂದರೆ ನಮ್ಮ ಪದ್ಧತಿಯೇ ಕೆಟ್ಟದ್ದು ಅಂತ ಒಪ್ಪಿಕೊಂಡ ಹಾಗೆ ಆಗಲ್ವಾ? ನಾವೇನು ಚಿಕ್ಕಪ್ಪನ ಮಕ್ಕಳನ್ನು ಮದುವೆಯಾಗುವ ಜನವಾ? ಮಾನವಶಾಸ್ತ್ರದವರು ಎಲ್ಲ ಪದ್ಧತಿಯೂ ಸರಿ ಅನ್ನುತ್ತೀರಂತೆ. ಹಾಗಾದರೆ ಈ ಹೆಂಗಸರಿಗೆ ಏನು ಉತ್ತರ ಕೊಡಲಿ?
(ಹೆಸರು ಬೇಡ, ಪುಣೆ)

ಉತ್ತರ: ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡೋಣ. ನಿಮ್ಮ ಮದುವೆ ಊರ್ಜಿತ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಅಕ್ಕತಂಗಿಯ ಮಗಳ ಸಂಬಂಧವನ್ನೂ ಅಣ್ಣ-ತಂಗಿಯರ ಮಕ್ಕಳ ಸಂಬಂಧವನ್ನೂ ನಿಷೇಧದ ಪಟ್ಟಿಯಲ್ಲಿ ಇಟ್ಟಿದೆ, ನಿಜ. ಆದರೆ ಎರಡೂ ಕಡೆಯವರ ರೂಢಿ ಒಪ್ಪುವುದಾದರೆ ಆ ನಿಷೇಧ ಅನ್ವಯಿಸುವುದಿಲ್ಲ ಎಂದು ಅದೇ ಕಾಯ್ದೆಯ 5ನೇ ಕಲಂ ಹೇಳುತ್ತದೆ. ದಕ್ಷಿಣದ ಲಕ್ಷಾಂತರ ಮದುವೆಗಳು ನಿಂತಿರುವುದು ಆ ಒಂದು ಸಾಲಿನ ಮೇಲೆ. ಕಾಯ್ದೆ ಬರೆದವರಿಗೆ ನಮ್ಮ ದೇಶದಲ್ಲಿ ಒಂದೇ ನಿಯಮ ಇಲ್ಲ ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಇನ್ನು ಆ 'ಶೀ' ವಿಷಯ. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡಬೇಕು. ಯಾಕೆಂದರೆ ನಿಮ್ಮ ಪತ್ರದಲ್ಲೂ ಒಂದು 'ಶೀ' ಇದೆ. ಚಿಕ್ಕಪ್ಪನ ಮಕ್ಕಳನ್ನು ಮದುವೆಯಾಗುವ ಜನವಾ ನಾವು ಅಂತ ಕೇಳಿದ್ದೀರಿ. ಹಾಗೆ ಮದುವೆಯಾಗುವ ಮುಸ್ಲಿಂ ಕುಟುಂಬಗಳು ನಿಮ್ಮ ಚಿಂಚವಾಡದಲ್ಲೂ ಇವೆ, ಬಾಗಲಕೋಟೆಯಲ್ಲೂ ಇವೆ. ಅವರಿಗೆ ಅದು ಸಹಜ. ನಮಗೆ ಚಿಕ್ಕಪ್ಪನ ಮಗಳು ಅಂದರೆ ತಂಗಿ, ಮುಗಿಯಿತು. ಆದರೆ ರಕ್ತದ ಲೆಕ್ಕಕ್ಕೆ ಬಂದರೆ ಚಿಕ್ಕಪ್ಪನ ಮಗಳೂ ಸೋದರಮಾವನ ಮಗಳೂ ಒಂದೇ ದೂರದಲ್ಲಿದ್ದಾರೆ. ಇಬ್ಬರ ಜೊತೆಗೂ ನಾವು ಹಂಚಿಕೊಳ್ಳುವ ವಂಶವಾಹಿ (ಜೀನ್) ಎಂಟನೇ ಒಂದು ಪಾಲು. ಒಬ್ಬಳು ತಂಗಿ, ಇನ್ನೊಬ್ಬಳು ಹೆಂಡತಿಯಾಗಬಹುದಾದವಳು ಎಂದು ಗೆರೆ ಎಳೆದಿರುವುದು ನಮ್ಮ ಸಮಾಜ.

ಆ ಗೆರೆಯನ್ನು ಸುಮ್ನೆ ಎಳೆದಿಲ್ಲ ಅನ್ನುವುದೂ ಅಷ್ಟೇ ನಿಜ. ಅಪ್ಪನ ಅಣ್ಣತಮ್ಮಂದಿರು ದೊಡ್ಡಪ್ಪ, ಚಿಕ್ಕಪ್ಪ. ಅವ್ವನ ಅಕ್ಕತಂಗಿಯರು ದೊಡ್ಡವ್ವ, ಚಿಕ್ಕವ್ವ. ಇವರೆಲ್ಲ ಅಪ್ಪ-ಅವ್ವಂದಿರೇ, ಹಾಗಾಗಿ ಅವರ ಮಕ್ಕಳು ನಮ್ಮ ಒಡಹುಟ್ಟಿದವರು. ಅಪ್ಪನ ಅಕ್ಕತಂಗಿ ಅತ್ತೆ, ಅವ್ವನ ಅಣ್ಣತಮ್ಮ ಮಾವ. ಗಂಡನ ತಾಯಿಯೂ ಅತ್ತೆ, ತಂದೆಯೂ ಮಾವ. ಬಾಂಧವ್ಯದ ಲೆಕ್ಕದಲ್ಲೇ ಮದುವೆಯ ದಾರಿ ಸೇರಿಹೋಗಿದೆ. ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಪಂಚದ ನಾನಾ ಕಡೆಯ ಬಾಂಧವ್ಯ ಪದಗಳನ್ನು ಕೂಡಿಸಿ ಒಂದು ದೊಡ್ಡ ಪುಸ್ತಕ ಪ್ರಕಟಿಸಿದ. ತನ್ನೂರಿನ ಹತ್ತಿರದ ಸೆನೆಕಾ ಬುಡಕಟ್ಟಿನವರ ಲೆಕ್ಕವೂ ತಮಿಳರ ಲೆಕ್ಕವೂ ಬಹುಪಾಲು ಹೊಂದುವುದನ್ನು ನೋಡಿ ಬೆರಗಾದ. ಆ ಹೋಲಿಕೆಯೊಂದರಿಂದಲೇ ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಹೋದವರು ಎಂದು ತೀರ್ಮಾನಿಸಿದ್ದು ಅವನ ಅವಸರ. ಆದರೆ ಮಾನವಶಾಸ್ತ್ರದಲ್ಲಿ ಬಾಂಧವ್ಯದ ಅಧ್ಯಯನ ಶುರುವಾಗಿದ್ದೇ ಅಲ್ಲಿಂದ. ತಮಿಳರ ಆ ಲೆಕ್ಕ ಮುಖ್ಯ ಅಂಶಗಳಲ್ಲಿ ನಮ್ಮದೂ ಹೌದು.

ನಾನು ಪುಣೆಯಲ್ಲಿ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿಗಳಿಂದ ಮೊದಲು ಅವರವರ ವಂಶವೃಕ್ಷ ಬರೆಸುತ್ತಿದ್ದೆ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಎರಡು ಗೆರೆ. ಬರೆದು ಗೋಡೆಗೆ ಅಂಟಿಸಿದರೆ ಸಾಕು, ಜಗಳ ಶುರು. ಹರಿಯಾಣದ ಹುಡುಗನಿಗೆ ಒಂದೇ ಊರಿನ ಹುಡುಗಿಯೂ ತಂಗಿ. ಅವನು ಮರಾಠಿ ಹುಡುಗಿಯ ವೃಕ್ಷ ನೋಡಿ ಹುಬ್ಬೇರಿಸುತ್ತಾನೆ, ಅಲ್ಲಿ ಮಾಮಾನ ಮಗಳನ್ನು ತಂದುಕೊಂಡಿದ್ದಾರೆ. ಆ ಮರಾಠಿ ಹುಡುಗಿ ಗುಲ್ಬರ್ಗದ ಹುಡುಗನ ವೃಕ್ಷ ನೋಡಿ ಮೂಗು ಮುರಿಯುತ್ತಾಳೆ. ಗುಲ್ಬರ್ಗದವನು ಮುಸ್ಲಿಂ ಗೆಳೆಯನ ಹಾಳೆಯ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾನೆ. ಪ್ರತಿಯೊಬ್ಬನಿಗೂ ತನ್ನ ಗೆರೆ ಪ್ರಕೃತಿಯೇ ಎಳೆದದ್ದು, ಪಕ್ಕದವನದು ಹೇಸಿಗೆ. ಆಮೇಲೆ ನಿಧಾನಕ್ಕೆ ನಗು ಬರುತ್ತದೆ. ಉಪನ್ಯಾಸ ಕೊಟ್ಟರೆ ಈ ಕೆಲಸ ಆಗುವುದಿಲ್ಲ. ತನ್ನ 'ಶೀ' ಕೂಡ ಕಲಿತದ್ದು ಎಂದು ಅವರವರಿಗೇ ಹೊಳೆಯಬೇಕು.

ನಿಮ್ಮ ಮರಾಠಿ ಗೆಳತಿಯರ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಈ ಬಗ್ಗೆ ದೇಶದಲ್ಲೇ ಆಳವಾಗಿ ಕೆಲಸ ಮಾಡಿದವರು ಪುಣೆಯವರೇ, ಡೆಕ್ಕನ್ ಕಾಲೇಜಿನ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ. ಭಾರತದ ಬಾಂಧವ್ಯ ವ್ಯವಸ್ಥೆಯ ಬಗ್ಗೆ 1953ರಲ್ಲಿ ಬಂದ ಅವರ ಪುಸ್ತಕ ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯ ಮಾಡಿ ನೋಡುತ್ತದೆ. ಕರ್ನಾಟಕ ದಕ್ಷಿಣ ವಲಯದಲ್ಲಿ ಬರುತ್ತದೆ. ಮಹಾರಾಷ್ಟ್ರ ಮಧ್ಯದಲ್ಲಿ, ಅತ್ತ ಉತ್ತರವೂ ಇತ್ತ ದಕ್ಷಿಣವೂ ಕಲೆಯುವ ಜಾಗದಲ್ಲಿ. ಮರಾಠರಲ್ಲಿ, ಇನ್ನೂ ಹಲವು ಜಾತಿಗಳಲ್ಲಿ ಮಾಮಾನ ಮಗಳನ್ನು ತಂದುಕೊಳ್ಳುವುದು ಒಪ್ಪಿತ. ಅತ್ತೆಯ ಮಗಳು ಸಾಮಾನ್ಯವಾಗಿ ಬೇಡ. ಅಕ್ಕನ ಮಗಳು ಬೇಡವೇ ಬೇಡ. ನಮ್ಮಲ್ಲಿ ಬಹಳ ಜಾತಿಗಳಿಗೆ ಮೂರೂ ಸರಿ. ಹಳೆಯ ಮರಾಠಿ ಮನೆಗಳಲ್ಲಿ ಸೊಸೆ ಗಂಡನ ತಂದೆಯನ್ನು ಮಾಮಂಜಿ ಎಂದೂ ತಾಯಿಯನ್ನು ಆತ್ಯಾಬಾಯಿ ಎಂದೂ ಕರೆಯುತ್ತಿದ್ದಳು. ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ವಯಸ್ಸಾದವರಿದ್ದರೆ ಕೇಳಿ ನೋಡಿ, ಅವರ ಮನೆಯಲ್ಲೂ ಮಾಮಾನ ಮಗಳು ಸೊಸೆಯಾಗಿ ಬಂದ ಕಥೆ ಸಿಗುವ ಸಂಭವ ಜಾಸ್ತಿ. ಅವರಿಗೂ ನಿಮಗೂ ಇರುವ ವ್ಯತ್ಯಾಸ ಒಂದು ಮೆಟ್ಟಿಲು ಮಾತ್ರ.

ಈ ಜಗಳ ಹೊಸದೂ ಅಲ್ಲ. ಸುಮಾರು ಎರಡು ಸಾವಿರ ವರ್ಷ ಹಳೆಯ ಬೌಧಾಯನ ಧರ್ಮಸೂತ್ರದಲ್ಲೇ ಇದೆ. ದಕ್ಷಿಣದವರ ವಿಚಿತ್ರ ಎಂದು ಅದು ಪಟ್ಟಿ ಮಾಡುವುದರಲ್ಲಿ ಹೆಂಡತಿಯ ಜೊತೆ ಕೂತು ಊಟ ಮಾಡುವುದು, ತಂಗಳು ತಿನ್ನುವುದು, ಮಾವನ ಮಗಳನ್ನೋ ಅತ್ತೆಯ ಮಗಳನ್ನೋ ಮದುವೆಯಾಗುವುದು ಎಲ್ಲ ಬರುತ್ತದೆ. ಉತ್ತರದವರ ವಿಚಿತ್ರಗಳಲ್ಲಿ ಉಣ್ಣೆ ಮಾರುವುದು, ಹೆಂಡ ಕುಡಿಯುವುದು, ಸಮುದ್ರಯಾನ ಇವೆ. ಅಲ್ಲಿಯದನ್ನು ಇಲ್ಲಿ ಮಾಡಿದರೆ, ಇಲ್ಲಿಯದನ್ನು ಅಲ್ಲಿ ಮಾಡಿದರೆ ದೋಷ. ಅವರವರ ಸೀಮೆಯಲ್ಲಿ ಅವರವರದು ನಡೆಯುತ್ತದೆ ಎಂಬ ಅರ್ಥದ ಮಾತೂ ಅಲ್ಲಿದೆ. ಹೆಂಡತಿಯ ಜೊತೆ ಊಟ ಮಾಡುವುದೂ ಒಂದು ಕಾಲಕ್ಕೆ 'ಶೀ' ಆಗಿತ್ತು, ನೋಡಿ.

ಈಗ ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ. ಮಾನವಶಾಸ್ತ್ರ ಎಲ್ಲ ಪದ್ಧತಿಯೂ ಸರಿ ಅನ್ನುತ್ತದೆ ಎಂಬುದು ತಪ್ಪು ತಿಳಿವಳಿಕೆ. ಇದನ್ನು ಹೊಗಳುವವರೂ ಹೇಳುತ್ತಾರೆ, ಬಯ್ಯುವವರೂ ಹೇಳುತ್ತಾರೆ. ತೀರ್ಪು ಕೊಡುವ ಮುಂಚೆ ಅರ್ಥ ಮಾಡಿಕೊ, ಒಳಗಿನವರಿಗೆ ಅದು ಹೇಗೆ ಕಾಣುತ್ತದೆ ಕೇಳು, ಆ ನಿಯಮ ಯಾವ ಕೆಲಸ ಮಾಡುತ್ತಿದೆ ನೋಡು ಅನ್ನುವುದು ಅದರ ಪಾಠ. ಅದಾದ ಮೇಲೆ ತೀರ್ಪು ಬೇಡ ಎಂದಲ್ಲ. ಈ ಶಾಸ್ತ್ರದ ಚರಿತ್ರೆಯೂ ಪೂರ್ತಿ ಶುಭ್ರವಲ್ಲ. ಬ್ರಿಟಿಷರ ಕಾಲದಲ್ಲಿ ಮೂಗು ಅಳೆದು ಜಾತಿಗಳನ್ನು ಮೇಲು ಕೀಳು ಮಾಡಿದ್ದೂ ಇದರ ಹೆಸರಲ್ಲೇ. ಕರ್ವೆಯವರು 1920ರ ದಶಕದ ಕೊನೆಗೆ ಬರ್ಲಿನ್‌ನಲ್ಲಿ ಓಯ್ಗೆನ್ ಫಿಶರ್ ಎಂಬ ಪ್ರೊಫೆಸರ್ ಕೈಕೆಳಗೆ ಪಿಎಚ್.ಡಿ. ಮಾಡಿದರು. ಬಿಳಿಯರ ತಲೆಬುರುಡೆಯ ಆಕಾರದಲ್ಲೇ ಅವರ ಹೆಚ್ಚಿನ ಬುದ್ಧಿಗೆ ಕಾರಣವಿದೆ ಎಂಬುದು ಅವನ ಊಹೆ. ಕರ್ವೆ 149 ಬುರುಡೆಗಳನ್ನು ಅಳೆದು, ಅಂಥ ವ್ಯತ್ಯಾಸ ಕಾಣುವುದಿಲ್ಲ ಎಂದು ಬರೆದರು. ಗುರುವಿಗೆ ಬೇಕಾದ ಉತ್ತರ ಅದಾಗಿರಲಿಲ್ಲ. ಆಮೇಲೆ ಪುಣೆಯ ರಸ್ತೆಯಲ್ಲಿ ಸ್ಕೂಟರ್ ಓಡಿಸಿದ ಮೊದಲ ಹೆಂಗಸರಲ್ಲಿ ಒಬ್ಬರೂ ಅವರೇ. ಅವರ ಬಗ್ಗೆ ನಿಮ್ಮ ಮಗಳಿಗೆ ಹೇಳಿ, ಅವಳಿಗೆ ಹಿಡಿಸಬಹುದು.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಈ ಸಂಬಂಧ ಹೊಲಸಾ ಅನ್ನುವುದು ಒಂದು. ಅದಕ್ಕೆ ಇಲ್ಲಿಯವರೆಗೆ ಉತ್ತರಿಸಿದೆ: ಅಲ್ಲ, ಗೆರೆ ಬೇರೆ ಅಷ್ಟೇ. ಮಗುವಿನ ಆರೋಗ್ಯದ್ದು ಎರಡನೆಯದು. ಅದಕ್ಕೆ ಗೌರವ, ಪದ್ಧತಿ ಯಾವುದೂ ಉತ್ತರ ಕೊಡುವುದಿಲ್ಲ, ಲೆಕ್ಕ ಬೇಕು. ಹುಡುಗಿಯ ಮನಸ್ಸಿನದು ಮೂರನೆಯದು. ನನ್ನ ಪ್ರಕಾರ ಅದೇ ದೊಡ್ಡದು.

ಲೆಕ್ಕ ಹೀಗಿದೆ. ಸಂಬಂಧವೇ ಇಲ್ಲದ ದಂಪತಿಗಳಲ್ಲೂ 100 ಮಕ್ಕಳಲ್ಲಿ 2-3 ಮಕ್ಕಳಿಗೆ ಹುಟ್ಟಿನಿಂದ ಏನಾದರೂ ಗಂಭೀರ ತೊಂದರೆ ಇರುತ್ತದೆ. ಮಾವನ ಮಗಳು, ಅತ್ತೆಯ ಮಗನಂಥ ಸಂಬಂಧದಲ್ಲಿ ಅದು ಸುಮಾರು 4-6 ಆಗುತ್ತದೆ. ಸೋದರಮಾವ ಇನ್ನೂ ಹತ್ತಿರ, ನಾಲ್ಕನೇ ಒಂದು ಪಾಲು ವಂಶವಾಹಿ ಒಂದೇ, ಆದ್ದರಿಂದ ಅಪಾಯ ಇದಕ್ಕಿಂತ ಜಾಸ್ತಿ. ಕಾರಣ ಸರಳ. ನಮ್ಮೆಲ್ಲರಲ್ಲೂ ಕೆಟ್ಟ ವಂಶವಾಹಿಗಳು ಕೆಲವು ಅಡಗಿ ಕೂತಿರುತ್ತವೆ. ಒಂದೇ ಪ್ರತಿ ಇದ್ದರೆ ಏನೂ ಆಗುವುದಿಲ್ಲ. ಅಪ್ಪ ಅವ್ವ ಇಬ್ಬರಿಂದಲೂ ಅದೇ ಪ್ರತಿ ಬಂದರೆ ಕಾಯಿಲೆ. ಒಂದೇ ಅಜ್ಜ ಅಜ್ಜಿಯಿಂದ ಬಂದ ಇಬ್ಬರಲ್ಲೂ ಅದೇ ಪ್ರತಿ ಇರುವ ಸಾಧ್ಯತೆ ಹೆಚ್ಚು. ಹುಟ್ಟು ಕಿವುಡು, ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ, ಕೆಲವು ಚಯಾಪಚಯದ (ಮೆಟಬಾಲಿಸಂ) ಕಾಯಿಲೆಗಳು ಹೀಗೆ ಬರಬಹುದು. 'ನಮ್ಮಲ್ಲಿ ತಲೆಮಾರಿನಿಂದ ನಡೀತಿದೆ, ಏನೂ ಆಗಿಲ್ಲ' ಅನ್ನುವುದು ಸುಳ್ಳು ಸಮಾಧಾನ. 'ಇಂಥವರ ಮಕ್ಕಳೆಲ್ಲ ಅಂಗವಿಕಲರು' ಅನ್ನುವುದು ಬರೀ ಸುಳ್ಳು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು ಮೂರನೇ ಒಂದರಷ್ಟು ಮಕ್ಕಳ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಅಷ್ಟು ಮಕ್ಕಳೂ ರೋಗಿಷ್ಠರಾಗಿದ್ದರೆ ನಾವು ಈ ಪತ್ರ ಬರೆದುಕೊಳ್ಳುತ್ತಾ ಕೂತಿರುತ್ತಿರಲಿಲ್ಲ.

ಡಾರ್ವಿನ್ ಕೂಡ 1839ರಲ್ಲಿ ಮದುವೆಯಾದದ್ದು ಸೋದರಮಾವನ ಮಗಳನ್ನೇ. ಮಕ್ಕಳ ಆರೋಗ್ಯದ ಚಿಂತೆ ಅವನನ್ನು ಕಾಡುತ್ತಲೇ ಇತ್ತು. 1871ರ ಜನಗಣತಿಯಲ್ಲಿ ಸೋದರ ಸಂಬಂಧದ ಮದುವೆಯ ಬಗ್ಗೆ ಒಂದು ಪ್ರಶ್ನೆ ಸೇರಿಸಿ ಎಂದು ಬ್ರಿಟಿಷ್ ಪಾರ್ಲಿಮೆಂಟಿಗೆ ಒತ್ತಾಯ ಮಾಡಿಸಿದ. ಅವರು ಒಪ್ಪಲಿಲ್ಲ. ಆಮೇಲೆ ಅವನ ಮಗ ಜಾರ್ಜ್ ತಾನೇ ಲೆಕ್ಕ ಹಾಕಿ, ಹೆದರಿದಷ್ಟು ದೊಡ್ಡ ಅಪಾಯ ಕಾಣುವುದಿಲ್ಲ ಎಂದ. ಇಂಗ್ಲೆಂಡಿನಲ್ಲೂ ಅಪ್ಪ ಮಕ್ಕಳು ನಿಮ್ಮ ಮನೆಯ ಪ್ರಶ್ನೆಯನ್ನೇ ಹಿಡಿದು ಕೂತಿದ್ದರು.

ಮಗಳ ಪ್ರಶ್ನೆಗೆ ನೇರ ಉತ್ತರ ಕೊಡಿ. ಹದಿನಾರು ವರ್ಷ ಆರೋಗ್ಯವಾಗಿ ಬೆಳೆದಿದ್ದಾಳೆ ಅಂದರೆ ಇಂಥ ಗಂಭೀರ ಕಾಯಿಲೆಗಳಲ್ಲಿ ಬಹುಪಾಲು ಇಷ್ಟರೊಳಗೆ ಗೊತ್ತಾಗಿರುತ್ತಿದ್ದವು. ಅವಳಿಗೆ ಬಹುಶಃ ಯಾರೂ ಹೇಳಿರದ ಒಂದು ಸಂಗತಿ ಇದೆ. ಅವಳು ಸಂಬಂಧದಲ್ಲಿ ಇಲ್ಲದವನನ್ನು ಮದುವೆಯಾದರೆ ರಕ್ತಸಂಬಂಧದ ಈ ಹೆಚ್ಚುವರಿ ಅಪಾಯ ಅವಳ ಮಕ್ಕಳಿಗೆ ಬರುವುದಿಲ್ಲ. ಅದು ತಲೆಮಾರಿನಿಂದ ತಲೆಮಾರಿಗೆ ಅಂಟಿಕೊಂಡು ಬರುವ ಕಳಂಕವಲ್ಲ. ಹಾಗಿದ್ದೂ ನಿಮ್ಮಲ್ಲಿ ಹುಟ್ಟು ಕಿವುಡು ಇದ್ದವರು, ಚಿಕ್ಕಂದಿನಲ್ಲೇ ತೀರಿಕೊಂಡ ಕೂಸುಗಳು ಜಾಸ್ತಿ ಇದ್ದರೆ ಅವಳ ಮದುವೆಗೆ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್ ಮಾಡುವ ವೈದ್ಯರನ್ನು ಕಾಣಿ. ಪುಣೆಯ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಇದೆ. ಅದು ನನ್ನ ಕ್ಷೇತ್ರವಲ್ಲ, ಅವರ ಮಾತೇ ಕೊನೆ.

ಮೂಗು ಮುರಿಯುವವರೂ ತಿಳಿಯಬೇಕಾದದ್ದು ಒಂದಿದೆ. ದಕ್ಷಿಣ ಏಷ್ಯಾದ 263 ಗುಂಪುಗಳ ವಂಶವಾಹಿ ನೋಡಿದ 2017ರ ಅಧ್ಯಯನವೊಂದರಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದು, ಒಳಗೊಳಗೇ ಮದುವೆಯಾಗುತ್ತಾ ಬಂದಿರುವುದು ಸ್ಪಷ್ಟವಾಯಿತು. ಅಂಥ ಗುಂಪುಗಳಲ್ಲಿ ಸಂಬಂಧಿಕರನ್ನು ಬಿಟ್ಟು ಮದುವೆಯಾದರೂ ಸ್ವಜಾತಿಯಲ್ಲೇ ಆದರೆ ಕೆಲವು ಅಪರೂಪದ ಕಾಯಿಲೆಗಳ ಅಪಾಯ ಉಳಿದೇ ಇರುತ್ತದೆ. 'ನಾವು ಮಾಮಾನನ್ನು ಮಾಡಿಕೊಳ್ಳೋದಿಲ್ಲಪ್ಪ' ಎನ್ನುತ್ತಾ ಜಾತಿಯೊಳಗಿನ ಉಪಜಾತಿಯಲ್ಲೇ ವರ ಹುಡುಕುವವರು ಇದನ್ನು ಯೋಚಿಸುವುದು ಕಡಿಮೆ.

ಸೊಸೈಟಿಯ ಹೆಂಗಸರ ಜೊತೆ ಏನು ಮಾಡಬಹುದು? ಸುಮ್ಮನಿದ್ದುಬಿಡಬಹುದು. ನಿಮಗೆ ಅದು ಸುಲಭ, ಆದರೆ ಮಗಳು ಮುಚ್ಚಿಡುವುದನ್ನೇ ಕಲಿಯುತ್ತಾಳೆ. ಅರ್ಜುನ ಸುಭದ್ರೆಯನ್ನು ಮದುವೆಯಾಗಲಿಲ್ಲವಾ ಎಂದು ವಾದಕ್ಕೂ ಇಳಿಯಬಹುದು. ಕುಂತಿ ವಸುದೇವನ ಒಡಹುಟ್ಟಿದವಳು, ಸುಭದ್ರೆ ವಸುದೇವನ ಮಗಳು, ಹಾಗಾಗಿ ಸುಭದ್ರೆ ಮಾವನ ಮಗಳೇ. ವಾದದಲ್ಲಿ ಗೆಲ್ಲುತ್ತೀರಿ, ಆದರೆ ಮುಂದಿನ ಸಂಕ್ರಾಂತಿಗೆ ಅವರು ಬರದೇ ಇರಬಹುದು. ನನ್ನ ಅನುಭವದಲ್ಲಿ ಕೆಲಸ ಮಾಡುವುದು ಪ್ರಶ್ನೆ. 'ನಿಮ್ಮಲ್ಲಿ ಯಾರು ಯಾರನ್ನ ಮಾಡಿಕೋತಾರೆ? ಮಾಮಾನ ಮಗಳು ನಡೆಯುತ್ತಾ? ಅತ್ತೆಯ ಮಗಳು ಯಾಕೆ ಬೇಡ?' ಎಂದು ಆಸಕ್ತಿಯಿಂದ ಕೇಳಿ. ತಮ್ಮ ಮನೆಯ ಲೆಕ್ಕ ವಿವರಿಸಲು ಹೋದಾಗ ಜನರಿಗೆ ಅದು ಪ್ರಕೃತಿಯ ನಿಯಮ ಅಲ್ಲ, ತಮ್ಮದೊಂದು ರೂಢಿ ಎಂದು ತಾನಾಗಿ ಕಾಣುತ್ತದೆ. ಎಲ್ಲರಿಗೂ ಕಾಣುತ್ತದೆ ಅನ್ನಲಾರೆ. ಒಬ್ಬಿಬ್ಬರು ಮುಖ ತಿರುಗಿಸಿಯೇ ಇರುತ್ತಾರೆ, ಬಿಡಿ. ಆದರೆ ಹಾಗೆ ಕೇಳುವ ಹಕ್ಕು ಬೇಕಿದ್ದರೆ ನಿಮ್ಮ ಆ ಚಿಕ್ಕಪ್ಪನ ಮಕ್ಕಳ ಮಾತನ್ನು ನೀವೂ ಬಿಡಬೇಕಾಗುತ್ತದೆ.

ಇನ್ನು ನಿಮ್ಮವ್ವನ ಪ್ರಸ್ತಾಪ. ಈ ಪದ್ಧತಿ ಯಾಕೆ ಬಂತು ಅನ್ನುವುದು ಮೊದಲು ತಿಳಿದಿರಲಿ. ಉತ್ತರದ ಹುಡುಗಿ ಗುರುತು ಪರಿಚಯ ಇಲ್ಲದ ಮನೆಗೆ ಹೋಗುತ್ತಾಳೆ, ದಕ್ಷಿಣದವಳಿಗೆ ಗಂಡನ ಮನೆ ಹೊರಗಿನದಲ್ಲ ಎಂದು ಕರ್ವೆ ಗುರುತಿಸಿದ್ದರು. ಅಜ್ಜಿಯೇ ಅತ್ತೆಯಾದರೆ ಸೊಸೆಯನ್ನು ಕಾಡುವುದು ಅಷ್ಟು ಸುಲಭವಲ್ಲ. ಹೊಲ, ಬಂಗಾರ ಮನೆಯಲ್ಲೇ ಉಳಿಯುತ್ತದೆ. ಮಗಳ ಮಗಳು ತವರಿಗೇ ವಾಪಸ್ ಬರುತ್ತಾಳೆ ಎಂಬ ಆಸೆಯಲ್ಲಿ ತಾಯಿಯ ಪ್ರೀತಿಯೂ ಇದೆ. ಮೈಸೂರಿನಿಂದ ಮುಂಬಯಿಗೆ ಬಂದು ಸಮಾಜಶಾಸ್ತ್ರದ ಪ್ರೊಫೆಸರ್ ಘುರ್ಯೆಯವರ ಹತ್ತಿರ ಓದಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಮೊದಲ ಪುಸ್ತಕ 1942ರಲ್ಲಿ ಬಂತು. ಅದೂ ಮೈಸೂರು ಸೀಮೆಯ ಮದುವೆ, ಕುಟುಂಬದ ಬಗ್ಗೆಯೇ. ನಮ್ಮವರು ತಮ್ಮ ಮನೆಯ ವಿಷಯವನ್ನು ನಾಚಿಕೆಯಿಲ್ಲದೆ ಅಧ್ಯಯನ ಮಾಡಿದ್ದಾರೆ.

ಹಾಗಿದ್ದೂ ನಿಮ್ಮ ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಬೇಡ. ಎರಡು ತಲೆಮಾರು ಸತತವಾಗಿ ಸೋದರಮಾವನೇ ಆದರೆ ಲೆಕ್ಕ ಬದಲಾಗುತ್ತದೆ. ನಿಮಗೆ ಹುಟ್ಟಿದ ಮಗುವಿನಲ್ಲಿ ಒಂದೇ ಪೂರ್ವಜನ ಎರಡು ಪ್ರತಿ ಸೇರುವ ಸಾಧ್ಯತೆ ಎಂಟನೇ ಒಂದು. ಮಗಳು ನಿಮ್ಮ ತಮ್ಮನನ್ನು ಮದುವೆಯಾದರೆ ಅವಳ ಮಗುವಿಗೆ ಅದು ಹದಿನಾರರಲ್ಲಿ ಮೂರು ಪಾಲು, ಅಂದರೆ ಒಂದೂವರೆ ಪಟ್ಟು. ನಿಮ್ಮ ಅಪ್ಪ ಅವ್ವ ಕೂಡ ಸಂಬಂಧದಲ್ಲೇ ಮದುವೆಯಾದವರಾಗಿದ್ದರೆ ಇನ್ನೂ ಜಾಸ್ತಿ. ಅದಕ್ಕಿಂತ ಮುಖ್ಯ, ಈ ಮದುವೆಗಳಲ್ಲಿ ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಗೊತ್ತಿರುವ ಮನೆ, ಕೇಳುವುದೇನಿದೆ ಅನ್ನುತ್ತಾರೆ. ಆಮೇಲೆ ಗಂಡ ಹೆಂಡಿರ ಮಧ್ಯೆ ಜಗಳವಾದರೆ ಅವಳಿಗೆ ಹೋಗಲು ಬೇರೆ ತವರು ಇರುವುದಿಲ್ಲ. ಅವಳ ಪರ ಮಾತಾಡಬೇಕಾದವರೆಲ್ಲ ಅವನ ಕಡೆಯವರೂ ಆಗಿರುತ್ತಾರೆ.

ಬೇಡ ಅಂದರೆ ಆ ಹೆಂಗಸರ 'ಶೀ'ಗೆ ತಲೆಬಾಗಿದ ಹಾಗೆ ಆಗುವುದಿಲ್ಲ. ನಿಮ್ಮ ಕಾರಣವೇ ಬೇರೆ. ಅವ್ವನ ಹತ್ತಿರ ಮಾತಾಡುವಾಗ 'ಪುಣೆಯವರು ನಗುತ್ತಾರೆ' ಅಂತ ಮಾತ್ರ ಹೇಳಬೇಡಿ. ಅದು ಅವರ ಇಡೀ ಬದುಕಿಗೆ ಬಯ್ದ ಹಾಗೆ ಕೇಳಿಸುತ್ತದೆ. ನಿಮ್ಮ ಮದುವೆ ಅವರೇ ಮಾಡಿಸಿದ್ದು, ಅದು ಚೆನ್ನಾಗಿಯೇ ನಡೆದಿದೆ ಅಲ್ವಾ? ಅದನ್ನು ಮೊದಲು ಹೇಳಿ. ಆಮೇಲೆ ಹುಡುಗಿಗೆ ಓದು ಇದೆ, ಎರಡನೇ ಸಲ ಇಷ್ಟು ಹತ್ತಿರ ಬೇಡ ಎಂದು ಡಾಕ್ಟರು ಹೇಳುತ್ತಾರೆ ಅನ್ನಿ. ಅಪಾಯ ಇದರಲ್ಲೂ ಇದೆ. ಅವ್ವ ಮುನಿಸಿಕೊಳ್ಳಬಹುದು. ನಿಮ್ಮ ಗಂಡನಿಗೆ ಅವರು ಅಕ್ಕ, ಹಾಗಾಗಿ ಮುನಿಸು ಎರಡು ಕಡೆಯಿಂದ ಬರುತ್ತದೆ. ಗಂಡನನ್ನು ಮೊದಲೇ ನಿಮ್ಮ ಕಡೆ ಮಾಡಿಕೊಂಡು ಇಬ್ಬರೂ ಸೇರಿ ಹೇಳಿ. ಮಗಳಿಗೆ ಹದಿನೆಂಟು ತುಂಬುವವರೆಗೆ ಕಾಯಬೇಡಿ. ಆ ಹೊತ್ತಿಗೆ ಮಾತು ಊರೆಲ್ಲ ಹರಡಿ, ಬೇಡ ಅನ್ನುವುದೇ ಮಾನದ ಪ್ರಶ್ನೆಯಾಗಿರುತ್ತದೆ.

ಇನ್ನೊಂದು, ಇಡೀ ಪತ್ರದಲ್ಲಿ ನಿಮ್ಮ ತಮ್ಮ ಏನನ್ನುತ್ತಾನೆ ಅಂತ ಒಂದು ಸಾಲೂ ಇಲ್ಲ. ಕೂಸಾಗಿದ್ದಾಗಿಂದ ಎತ್ತಿ ಆಡಿಸಿದ ಹುಡುಗಿ. ಹುಬ್ಬಳ್ಳಿಯಲ್ಲಿ ಅವನ ಮನಸ್ಸಿನಲ್ಲಿ ಬೇರೆ ಯಾರಾದರೂ ಇರಲೂಬಹುದು. ಅವ್ವನಿಗೆ ಫೋನ್ ಮಾಡುವ ಮುಂಚೆ ಅವನಿಗೊಂದು ಫೋನ್ ಮಾಡಿ.